ಬೇವು, ನೆಲನೆಲ್ಲಿ ಮತ್ತು ವೈರಾಣು ಪರೀಕ್ಷೆ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಿಂದ ಬಾದಾಮಿಯ ದಾರಿ ಕವಲೊಡೆಯುವ ಕುಳಗೇರಿ ಕ್ರಾಸ್ ಸುತ್ತಲಿನ ಸೀಮೆಯಲ್ಲಿ, ಉತ್ತರ ಕರ್ನಾಟಕದ ಉಳಿದ ಕಡೆಗಳಲ್ಲಿ ಇದ್ದಂತೆಯೇ, ಸಿಡುಬು ಎದ್ದ ಮನೆಯ ಬಾಗಿಲಿಗೆ ಬೇವಿನ ತಪ್ಪಲು ಕಟ್ಟುವುದೂ ಕಾಮಣಿಯಾದವರಿಗೆ ನೆಲನೆಲ್ಲಿಯನ್ನು ಅರೆದು ಕುಡಿಸುವುದೂ ಬಹುಕಾಲದ ರೂಢಿ. ಸಿಡುಬಿಗೂ ಕಾಮಣಿಯ ಹಲವು ಬಗೆಗಳಿಗೂ ವೈರಾಣುಗಳೇ ಕಾರಣವೆಂದು ಗೊತ್ತಾದ ಮೇಲೆ, ಈ ಸೊಪ್ಪುಗಳು ವೈರಾಣುವನ್ನು ನಿಜಕ್ಕೂ ತಡೆಯುತ್ತವೆಯೇ ಎಂಬ ಪ್ರಶ್ನೆ ಪ್ರಯೋಗಶಾಲೆಯ ಮುಂದೆ ಬಂದಿತು.

ಬಾಗಲಕೋಟೆ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 20ನೇ ಶತಮಾನದ ಆರಂಭದಲ್ಲಿ ಬೆಳಗಾವಿಯಲ್ಲಿ ನೆಲೆಗೊಂಡ ಲಸಿಕಾ ಸಂಸ್ಥೆಯು ಕರುಗಳ ಚರ್ಮದ ಮೇಲೆ ವ್ಯಾಕ್ಸೀನಿಯಾ ಎಂಬ ವೈರಾಣುವನ್ನು ಬೆಳೆಸಿ ಸಿಡುಬಿನ ಲಸಿಕೆ ತಯಾರಿಸುತ್ತಿತ್ತು. ಆ ಸ್ಥಳವನ್ನು ಊರಿನವರು ಇಂದಿಗೂ ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. ಮುಂದೆ ಗಿಡಮೂಲಿಕೆಗಳ ಪರೀಕ್ಷೆಗೂ ಇದೇ ವ್ಯಾಕ್ಸೀನಿಯಾ ಒದಗಿಬಂದಿತು. 1951ರಲ್ಲಿ ಆರಂಭವಾದ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯು ಭಾರತದ ಸಸ್ಯಗಳ ವ್ಯಾಪಕ ಪರೀಕ್ಷೆಯ ಮೊದಲ ವರದಿಯನ್ನು 1968ರಲ್ಲಿ ಪ್ರಕಟಿಸಿತು. ಆ ಯೋಜನೆಯಲ್ಲಿ ಸಸ್ಯಸಾರಗಳನ್ನು ವ್ಯಾಕ್ಸೀನಿಯಾ ಮತ್ತು ಕೋಳಿಗಳ ರಾಣಿಖೇತ್ ರೋಗದ ವೈರಾಣುಗಳ ಮೇಲೆ ಪ್ರಯೋಗಿಸಲಾಯಿತು. ಮರುವರ್ಷ ಎ. ರಾಮಚಂದ್ರ ರಾವ್ ಮತ್ತು ಸಂಗಡಿಗರು ಬೇವಿನ ಎಳೆ ಎಲೆಯನ್ನು ವ್ಯಾಕ್ಸೀನಿಯಾ ಹಾಗೂ ಸಿಡುಬಿನ ವೈರಾಣುಗಳೆರಡರ ಮೇಲೂ ಪರೀಕ್ಷಿಸಿ ಪ್ರಾಥಮಿಕ ವರದಿ ನೀಡಿದರು.

ಇಂಥ ಪರೀಕ್ಷೆಯ ಕ್ರಮ ಹೀಗಿದೆ: ಒಣಗಿಸಿ ಪುಡಿ ಮಾಡಿದ ಸಸ್ಯವನ್ನು ನೀರು ಬೆರೆಸಿದ ಮದ್ಯಸಾರದಲ್ಲಿ ನೆನೆಹಾಕಿ, ಸೋಸಿ, ದ್ರವವನ್ನು ಆವಿಯಾಗಿಸಿದಾಗ ಉಳಿಯುವುದೇ ಸಾರ. ಕಾವು ಕೊಟ್ಟ ಕೋಳಿಮೊಟ್ಟೆಯ ಒಳಪೊರೆಗೆ ವ್ಯಾಕ್ಸೀನಿಯಾ ಹಾಕಿದರೆ ಕೆಲವು ದಿನಗಳಲ್ಲಿ ಬಿಳಿಯ ಬೊಕ್ಕೆಗಳು ಏಳುತ್ತವೆ. ಸಾರ ಸೇರಿಸಿದ ಮೊಟ್ಟೆಯಲ್ಲೂ ಸೇರಿಸದ ಮೊಟ್ಟೆಯಲ್ಲೂ ಅವನ್ನು ಎಣಿಸಿ ಹೋಲಿಸಬೇಕು. ಆದರೆ ಅದಕ್ಕೂ ಮೊದಲು, ಆ ಸಾರವೇ ಜೀವಕೋಶವನ್ನು ಕೊಲ್ಲುತ್ತದೆಯೇ ಎಂದು ನೋಡದೆ ಹೋದರೆ ಇಡೀ ಪರೀಕ್ಷೆ ವ್ಯರ್ಥ, ಏಕೆಂದರೆ ವೈರಾಣು ಬೆಳೆಯುವುದು ಜೀವಂತ ಕೋಶದಲ್ಲಿ ಮಾತ್ರ, ಸತ್ತ ಕೋಶದಲ್ಲಿ ಯಾವ ವೈರಾಣುವೂ ಬೆಳೆಯದು. ಸಸ್ಯಗಳ ಒಗರಿಗೆ ಕಾರಣವಾದ ಟ್ಯಾನಿನ್ ಕೂಡ ಮೋಸ ಮಾಡಬಲ್ಲದು; ಅದು ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುವುದರಿಂದ ನಳಿಕೆಯಲ್ಲಿ ವೈರಾಣುವನ್ನು ಸುಲಭವಾಗಿ ಕಟ್ಟಿಹಾಕುತ್ತದೆ, ದೇಹದೊಳಗೆ ಅಂಥ ಅವಕಾಶ ತೀರ ಕಡಿಮೆ.

ನೆಲನೆಲ್ಲಿಯ ಕಥೆ ಇನ್ನೂ ಹೆಚ್ಚು ಕಲಿಸುತ್ತದೆ. ಕಾಮಣಿಗೆ ಕಾರಣವಾಗುವ ವೈರಾಣುಗಳಲ್ಲೊಂದಾದ ಹೆಪಟೈಟಿಸ್ ಬಿ ವೈರಾಣುವನ್ನು ಗುರುತಿಸಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಈ ಗಿಡದಲ್ಲಿ ಆಸಕ್ತಿ ತಳೆದರು. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು, ಗಿಡದ ಪುಡಿ ಸೇವಿಸಿದ 37 ವೈರಾಣುವಾಹಕರಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮಾಯವಾಯಿತೆಂದೂ, ಹುಸಿಗುಳಿಗೆ ಪಡೆದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ ಹಾಗಾಯಿತೆಂದೂ ವರದಿ ಮಾಡಿದರು. ಬೇರೆ ದೇಶಗಳಲ್ಲಿ ನಡೆದ ನಂತರದ ಪರೀಕ್ಷೆಗಳು ಈ ಫಲವನ್ನು ಖಚಿತಪಡಿಸಲಿಲ್ಲ. ಮಣ್ಣು, ಋತು, ಪ್ರಭೇದ ಬದಲಾದಂತೆ ಸಾರವೂ ಬದಲಾಗುತ್ತದೆ. ಆದ್ದರಿಂದ ಹಳ್ಳಿಯ ವೈದ್ಯರು ಯಾವ ಗಿಡವನ್ನು, ಯಾವಾಗ, ಎಲ್ಲಿ ಕೀಳುತ್ತಿದ್ದರೆಂಬ ವಿವರ ದಾಖಲಾಗದೆ ಹೋಗುವುದು ವಿಜ್ಞಾನಕ್ಕೇ ಆಗುವ ನಷ್ಟ. ಈ ಸೀಮೆಗೆ ಹತ್ತಿರದ ಬೆಳಗಾವಿಯಲ್ಲಿ ಇಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೇ ಇದ್ದು, ಬಾದಾಮಿ, ಹುನಗುಂದ, ಇಳಕಲ್ ಭಾಗದ ನಾಟಿವೈದ್ಯದ ವಿವರಗಳು ಅಲ್ಲಿನ ಸಂಶೋಧಕರನ್ನು ತಲುಪಬೇಕು.

ಸಿಡುಬನ್ನು ಭೂಮಿಯಿಂದ ನಿರ್ಮೂಲಗೊಳಿಸಿದ್ದು ಲಸಿಕೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 1980ರಲ್ಲಿ ಘೋಷಿಸಿತು. ಕಾಮಣಿ ಕಂಡವರು ನೆಲನೆಲ್ಲಿ ಕುಡಿಯುವ ಮೊದಲು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು, ಹುಟ್ಟಿದ ಕೂಸಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ತಪ್ಪದೆ ಹಾಕಿಸಬೇಕು.