ಸರಾಸರಿಯ ಆಚೆಗೆ

ಭೂಮಿ ಬಿಸಿಯೇರಲು ಕಾರಣವೇನೆಂಬುದು ಮೊನ್ನೆಮೊನ್ನೆಯ ಶೋಧವೆಂದು ಹಲವರು ನಂಬಿದ್ದಾರೆ. ಮೊದಲ ಪ್ರಯೋಗ ನಡೆದದ್ದು 1856ರಲ್ಲಿ, ನಮ್ಮ ಸಿಪಾಯಿ ದಂಗೆಗೂ ಒಂದು ವರ್ಷ ಮುಂಚೆ. ಅಮೆರಿಕದ ಯೂನಿಸ್ ಫೂಟ್ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟರು. ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾಯಿತು, ಆರಲೂ ಹೆಚ್ಚು ಹೊತ್ತು ಹಿಡಿಯಿತು. ಲಂಡನ್ನಿನ ಜಾನ್ ಟಿಂಡಲ್ 1859ರಿಂದ ನಡೆಸಿದ ಪ್ರಯೋಗಗಳು ಇದರ ಒಳಗುಟ್ಟನ್ನು ಬಿಡಿಸಿದವು: ಈ ಅನಿಲ ಮತ್ತು ನೀರಾವಿ ಹಿಡಿದಿಡುವುದು ಅವಕೆಂಪು ಶಾಖವನ್ನು. ಪುಸ್ತಕಗಳಲ್ಲಿ ಉಳಿದದ್ದು ಟಿಂಡಲ್ ಹೆಸರು. ಫೂಟ್ ನೆನಪಾಗಲು ನೂರೈವತ್ತು ವರ್ಷ ಬೇಕಾಯಿತು.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ತಾಪ 5-6 ಡಿಗ್ರಿ ಏರೀತೆಂದು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1896ರಲ್ಲಿ ಕೈಲೆಕ್ಕ ಹಾಕಿದರು. ಚಳಿನಾಡಿನವರು, ಅದು ಒಳ್ಳೆಯದಕ್ಕೇ ಎಂದುಕೊಂಡರು. 1938ರಲ್ಲಿ ಬ್ರಿಟನ್ನಿನ ಹಬೆಯಂತ್ರದ ಎಂಜಿನಿಯರ್ ಗೈ ಕ್ಯಾಲೆಂಡರ್, ಸುಮಾರು ನೂರೈವತ್ತು ಹವಾಕೇಂದ್ರಗಳ ದಾಖಲೆ ಕಲೆಹಾಕಿ, ಲೋಕ ಆಗಲೇ ಬಿಸಿಯಾಗುತ್ತಿದೆ ಎಂದರು. ಪಂಡಿತರಲ್ಲಿ ನಂಬಿದವರು ಕಡಿಮೆ. ಹೆಚ್ಚಿನ ಅನಿಲವನ್ನೆಲ್ಲ ಕಡಲೇ ನುಂಗುತ್ತದೆ ಎಂಬ ಭರವಸೆ ಇತ್ತಲ್ಲ! ಅದನ್ನು ಮುರಿದವರು ಚಾರ್ಲ್ಸ್ ಕೀಲಿಂಗ್. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅವರು ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ 313 ಭಾಗದಷ್ಟಿತ್ತು. ಈಗ 420 ದಾಟಿದೆ. ಬೇಸಿಗೆಯಲ್ಲಿ ಉತ್ತರಾರ್ಧಗೋಳದ ಗಿಡಮರಗಳು ಹೀರಿಕೊಂಡಾಗ ಇಳಿಯುತ್ತ, ಚಳಿಗಾಲದಲ್ಲಿ ಏರುತ್ತ, ಗರಗಸದ ಹಲ್ಲಿನಂತೆ ಸಾಗುವ ಆ ಗೆರೆಯಷ್ಟು ಸರಳವಾದ ಸಾಕ್ಷಿ ಈ ವಿಜ್ಞಾನದಲ್ಲಿ ಇನ್ನೊಂದಿಲ್ಲ.

ಆದರೆ ಅಪರಾಧಿ ಒಬ್ಬನೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದ ವೀರಭದ್ರನ್ ರಾಮನಾಥನ್ 1975ರಲ್ಲಿ ಫ್ರಿಜ್ಜು, ಸ್ಪ್ರೇ ಡಬ್ಬಿಗಳ ಕ್ಲೋರೋಫ್ಲೋರೋಕಾರ್ಬನ್ನಿನ ಮೇಲೂ ಬೆರಳಿಟ್ಟರು. ಅದರ ಒಂದು ಅಣು ಇಂಗಾಲದ ಡೈಆಕ್ಸೈಡಿನ ಸಾವಿರಾರು ಅಣುಗಳಿಗೆ ಸಮ. ಬೆನ್ನಲ್ಲೇ ಮೀಥೇನ್, ನೈಟ್ರಸ್ ಆಕ್ಸೈಡ್‌ಗಳೂ ಲೆಕ್ಕಕ್ಕೆ ಬಂದವು. 1999ರಲ್ಲಿ ರಾಮನಾಥನ್, ಪಾಲ್ ಕ್ರುಟ್ಜೆನ್ ಮುಂದಾಳ್ತನದ ತಂಡ ಹಿಂದೂ ಮಹಾಸಾಗರದ ಮೇಲೆ ಹರಡಿದ್ದ ಕಂದು ಮಬ್ಬನ್ನು ಅಳೆಯಿತು. ಮಸಿಯೂ ಗಂಧಕದ ಕಣಗಳೂ ಸೇರಿದ ಆ ಮಬ್ಬು ಕಡಲ ಮೇಲ್ಮೈಗೆ ಬೀಳುವ ಬಿಸಿಲನ್ನು ತಗ್ಗಿಸಿ ಗಾಳಿಯನ್ನು ಕಾಯಿಸುತ್ತದೆ. ಬಿಸಿಲನ್ನು ತಡೆದ ಆ ಹೊಗೆಯೇ ಬಿಸಿಯೇರಿಕೆಯ ಒಂದು ಪಾಲನ್ನು ಮರೆಮಾಚುತ್ತಿತ್ತು!

ಕಾರಣಗಳ ಶೋಧಕ್ಕಿಂತ ಪರಿಣಾಮದ ವಿಜ್ಞಾನ ಹಿಂದೆ ಬಿತ್ತು. 1988ರಲ್ಲಿ ಹುಟ್ಟಿದ ಅಂತರಸರ್ಕಾರಿ ಹವಾಮಾನ ಸಮಿತಿಯ ವರದಿಗಳಲ್ಲಿ ಮೊದಮೊದಲು ಎದ್ದು ಕಂಡದ್ದು ಜಾಗತಿಕ ಸರಾಸರಿ. ರೈತನಿಗೆ ಸರಾಸರಿಯಿಂದ ಏನಾಗಬೇಕು? ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ಮಧ್ಯ ಭಾರತದ ಅರ್ಧ ಶತಮಾನದ ಮಳೆಯನ್ನು ದಿನದಿನವಾಗಿ ಜಾಲಾಡಿದಾಗ, ಒಟ್ಟು ಮುಂಗಾರು ಹೆಚ್ಚು ಕಡಿಮೆ ಅಷ್ಟೇ ಇತ್ತು. ಒಳಗೆ ಮಾತ್ರ ಹದಮಳೆ ಕುಗ್ಗಿ, ಜಡಿಮಳೆ ಹೆಚ್ಚಿತ್ತು. ಜಡಿಮಳೆಗೆ ಒಂದು ಕಾರಣ ಇದು: ತಾಪ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. 2017ರಲ್ಲಿ ರಾಕ್ಸಿ ಮ್ಯಾಥ್ಯೂ ಕೋಲ್ ತಂಡ, ಇಂಥ ವ್ಯಾಪಕ ಜಡಿಮಳೆ 1950ರಿಂದ ಮೂರು ಪಟ್ಟಾಗಿದೆ, ಅದಕ್ಕೆ ತೇವ ಒದಗಿಸುವುದು ಅರಬ್ಬೀ ಸಮುದ್ರ ಎಂದಿತು.

ಈಗಿನ ಕೆಲಸ ಒಂದೊಂದು ದುರಂತದಲ್ಲಿ ಬಿಸಿಯೇರಿಕೆಯ ಪಾಲೆಷ್ಟು ಎಂಬ ಲೆಕ್ಕ. 2003ರ ಯುರೋಪಿನ ಬಿಸಿಗಾಳಿಯಿಂದ ಶುರುವಾದ ಈ ವಿಧಾನ 2024ರ ವಯನಾಡಿನವರೆಗೂ ಬಂದಿದೆ: ಅಲ್ಲಿ ಗುಡ್ಡ ಜಾರಿಸಿದ ಮಳೆ ಹವಾಮಾನ ಬದಲಾವಣೆಯಿಂದ ಸುಮಾರು ಶೇಕಡ 10ರಷ್ಟು ಬಲವಾಗಿತ್ತು ಎಂಬುದು ಅಂದಾಜು. ಘಟ್ಟದಂಥ ಕಿರಿದಾದ, ಏರುತಗ್ಗಿನ ಜಾಗದಲ್ಲಿ ಕಂಪ್ಯೂಟರ್ ಮಾದರಿಗಳು ತಡವರಿಸುವುದರಿಂದ ಆ ಅಂಕಿಯ ಅಂಚು ಮಸುಕು. ಗುಡ್ಡದ ಮೇಲಿನ ಕಾಡು ಕರಗಿದ್ದು ಆ ಶೇಕಡಾವಾರಿನಲ್ಲಿ ಸೇರಿಲ್ಲ. ಅದಕ್ಕೆ ಬೇರೆಯೇ ಲೆಕ್ಕ ಬೇಕು.