ಕಾಣದ ಕಚ್ಚು, ಕಾಣುವ ಕಚ್ಚು

ಎರಡು ಹಲಗೆಗಳ ಅಂಚಿನಲ್ಲಿ ಸಮ ಅಳತೆಯ ಕಚ್ಚು ತೆಗೆದು, ಒಂದರ ಹಲ್ಲು ಇನ್ನೊಂದರ ಸಂದಿನಲ್ಲಿ ಕೂರುವಂತೆ ಮೂಲೆ ಕೂಡಿಸಿದರೆ ಅದು ಫಿಂಗರ್ ಜಾಯಿಂಟ್. ಹಲ್ಲುಗಳು ಹೆಚ್ಚಿದಷ್ಟೂ ಅಂಟು ಹಿಡಿಯುವ ಜಾಗ ಹೆಚ್ಚುತ್ತದೆ, ಮೊಳೆ ಬೇಕಾಗುವುದಿಲ್ಲ. ಹಲ್ಲನ್ನು ತುದಿಯಲ್ಲಿ ಅಗಲವಾಗುವಂತೆ ಓರೆಯಾಗಿ ಕೊರೆದರೆ ಡವ್‌ಟೇಲ್. ಅದು ಒಂದು ದಿಕ್ಕಿನಲ್ಲಿ ಎಷ್ಟು ಎಳೆದರೂ ಬಿಡದು. ಡವ್‌ಟೇಲ್ ಪ್ರಾಚೀನ ಈಜಿಪ್ಟಿನ ಮರದ ಸಾಮಾನುಗಳಲ್ಲೇ ಇದೆ. ನೇರ ಹಲ್ಲಿನ ಕೂಡಿಕೆ ಹರಡಿದ್ದು 19ನೇ ಶತಮಾನದ ಕೊನೆಗೆ, ಯಂತ್ರದ ಗರಗಸದಲ್ಲಿ ಸರಕು ಪೆಟ್ಟಿಗೆಗಳನ್ನು ರಾಶಿಗಟ್ಟಲೆ ಮಾಡತೊಡಗಿದ ಮೇಲೆ. ಕೂಡಿಕೆಯನ್ನು ಮರೆಮಾಡಬೇಕೋ ಎದ್ದು ಕಾಣಿಸಬೇಕೋ ಎಂಬ ವಿಷಯದಲ್ಲಿ ಮಾತ್ರ ಬಡಗಿಗಳು ಎಂದೂ ಒಂದೇ ದಾರಿ ಹಿಡಿದಿಲ್ಲ. ಬೈಲಕುಪ್ಪೆಯಿಂದ ಮೈಸೂರಿನವರೆಗಿನ ಹಾದಿಯಲ್ಲೇ ಇದಕ್ಕೆ ಹಲವು ಉತ್ತರಗಳು ಸಿಗುತ್ತವೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ನರ ವಸತಿ ಶುರುವಾದದ್ದು 1960ರ ಸುಮಾರಿಗೆ. ಆಗಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಕಾಡು ಜಮೀನನ್ನು ಕೊಟ್ಟಿತು. 1969ರಲ್ಲಿ ಎರಡನೆಯ ವಸತಿಯೂ ಬಂತು. ಈ ಜನ ಬಿಟ್ಟುಬಂದ ನಾಡಿನಲ್ಲಿ ಮರವೇ ಅಪರೂಪದ ವಸ್ತು. ಮಧ್ಯ ಟಿಬೆಟಿನ ಬಯಲಿನಲ್ಲಿ ದೊಡ್ಡ ಮರ ಬೆಳೆಯದು. ಕೊಂಗ್ಪೋದಂಥ ಆಗ್ನೇಯದ ಕಾಡುಗಳಿಂದ ಅದನ್ನು ತರಬೇಕಿತ್ತು. ಆದ್ದರಿಂದ ಮನೆಯೊಳಗಿನ ಮರದ ಸಾಮಾನೂ ಕೆಲವೇ: ಬಟ್ಟೆ, ಧಾನ್ಯ, ಪೂಜಾ ಸಾಮಗ್ರಿ ಇಡುವ ‘ಗಮ್’ ಎಂಬ ಪೆಟ್ಟಿಗೆ, ನೆಲದ ಮೇಲೆ ಕೂತು ಬಳಸುವ ‘ಚೋಕ್ಸೆ’ ಎಂಬ ಮಡಚುವ ಗಿಡ್ಡ ಮೇಜು, ದೇವರ ಬೀರು. ಹಳೆಯ ಗಮ್‌ನ ಮೂಲೆಗಳಲ್ಲಿ ಡವ್‌ಟೇಲ್ ಇರುತ್ತಿತ್ತು, ಆದರೆ ಹೊರಗಿನ ಕಣ್ಣಿಗೆ ಬೀಳುತ್ತಿರಲಿಲ್ಲ. ಮೂಲೆಯ ಮೇಲೆ ಬಟ್ಟೆ ಅಥವಾ ಚರ್ಮ ಎಳೆದು ಅಂಟಿಸಿ, ಅದರ ಮೇಲೆ ಬಿಳಿ ಲೇಪ, ಅದರ ಮೇಲೆ ಬಣ್ಣದ ಡ್ರ್ಯಾಗನ್, ಹೂಬಳ್ಳಿ, ಕೆಲವೊಮ್ಮೆ ಕಬ್ಬಿಣದ ಪಟ್ಟಿ. ಮೆಚ್ಚುಗೆಯೆಲ್ಲ ಬಣ್ಣಗಾರನಿಗೆ, ಬಡಗಿಯ ಕೆಲಸ ಒಳಗೇ ಉಳಿಯುತ್ತಿತ್ತು.

ಮಂದಿರಗಳಲ್ಲಿ ಇದು ತಿರುವುಮುರುವು. ಟಿಬೆಟಿನ ಹಳೆಯ ಕಟ್ಟಡದಲ್ಲಿ ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿಗಳು ಕೂರುತ್ತವೆ. ಬಾಗಿಲು ಕಿಟಕಿಗಳ ಮೇಲೆ ಸಾಲಾಗಿ ಹೊರಚಾಚುವ ಚೌಕ ಗೂಟಗಳು ಮೂಲದಲ್ಲಿ ಮರದ ತುಂಡುಗಳ ತುದಿಗಳೇ. ಅಲ್ಲಿ ಕೂಡಿಕೆಯೇ ಅಲಂಕಾರ. ಟಿಬೆಟಿನ ಬೌದ್ಧ ಗುರು ಪೆನೋರ್ ರಿಂಪೋಚೆ 1963ರಲ್ಲಿ ಬೈಲಕುಪ್ಪೆಯಲ್ಲಿ ನಾಮ್‌ಡ್ರೋಲಿಂಗ್ ಮಠ ಆರಂಭಿಸಿದಾಗ ಮೊದಲ ಗುಡಿ ಬಿದಿರಿನದು. 1999ರಲ್ಲಿ ತೆರೆದ ಸ್ವರ್ಣ ಮಂದಿರವಾದರೋ ಕಾಂಕ್ರೀಟಿನದು. ಅಲ್ಲಿ ಭಾರ ಹೊರುವುದು ಕಬ್ಬಿಣ, ಸಿಮೆಂಟು. ಬೋದಿಗೆಯ ಮೆಟ್ಟಿಲು ಮೆಟ್ಟಿಲಾದ ಆಕಾರ, ತೊಲೆ ತುದಿಗಳ ಸಾಲು ಕೆಂಪು, ನೀಲಿ, ಹೊಂಬಣ್ಣದಲ್ಲಿ ಹಾಗೇ ಉಳಿದಿವೆ. ಮರ ಹೋಯಿತು, ಮರವನ್ನು ಮರಕ್ಕೆ ಕೂಡಿಸಿದ ಗುರುತು ಉಳಿಯಿತು. ಇದನ್ನು ಅಣಕು ಎಂದು ತಳ್ಳಿಹಾಕುವಂತಿಲ್ಲ. ಅಜಂತದ ಗುಹೆಗಳಲ್ಲಿ ಕಲ್ಲುಕುಟಿಗರು ಮರದ ಪಕ್ಕೆಗಳನ್ನೂ ಜಂತಿಗಳನ್ನೂ ಬಂಡೆಯಲ್ಲಿ ಕಡೆದದ್ದು ಇದೇ ಜಾತಿಯ ಕೆಲಸ.

ಮೈಸೂರಿನ ಬೀಟೆ ಮರದ ಇನ್‌ಲೇ ಕುಶಲಿಗರದು ಇನ್ನೊಂದು ಬಗೆ. ಬೀಟೆ ಹಲಗೆಯಲ್ಲಿ ಚಿತ್ರದ ಆಕಾರಕ್ಕೆ ತಗ್ಗು ತೆಗೆದು, ಸಣ್ಣ ಗರಗಸದಲ್ಲಿ ಕತ್ತರಿಸಿದ ಬೇರೆ ಬಣ್ಣದ ಮರದ ಚೂರುಗಳನ್ನು ಅದರಲ್ಲಿ ಅಂಟಿಸಿ, ಉಜ್ಜಿ ಸಮ ಮಾಡುತ್ತಾರೆ. ಸಂದು ಕೂದಲೆಳೆಯಷ್ಟೂ ತೋರಬಾರದು ಎಂಬುದೇ ಹೆಮ್ಮೆ. ಹಳೆಯ ಅರಮನೆಯನ್ನು ಸುಟ್ಟ 1897ರ ಬೆಂಕಿಯ ನಂತರ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ಕ್ಕೆ ಮುಗಿದ ಅರಮನೆಯಲ್ಲಿ ದಂತ ಕೂರಿಸಿದ ಬೀಟೆ ಬಾಗಿಲು ಇದೆ. 1972ರ ವನ್ಯಜೀವಿ ಕಾಯ್ದೆ ಮತ್ತು ಅದರ 1986ರ ತಿದ್ದುಪಡಿಯಿಂದ ದಂತದ ವ್ಯಾಪಾರ ನಿಂತು, ಆ ಜಾಗಕ್ಕೆ ಬಿಳಿ ಪ್ಲಾಸ್ಟಿಕ್ ಬಂತು. 2005ರಲ್ಲಿ ಈ ಕಸುಬಿಗೆ ಭೌಗೋಳಿಕ ಗುರುತು ಸಿಕ್ಕಿದೆ.

ಇಂದು ಇಂಥ ಹಲ್ಲುಗಳನ್ನು ಕೊರೆಯುವ ಲೇಸರ್ ಬಂದದ್ದು ಬೇರೆ ದಾರಿಯಿಂದ. ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ರೂಪಿಸಿದರು. ಅದರ 10.6 ಮೈಕ್ರೋಮೀಟರ್ ಅಲೆಯನ್ನು ಮರ ಚೆನ್ನಾಗಿ ಹೀರಿ ಉರಿದುಹೋಗುತ್ತದೆ. 1970ರ ದಶಕದಲ್ಲಿ, ರಟ್ಟಿನ ಡಬ್ಬಿ ಕತ್ತರಿಸುವ ಅಲಗುಗಳನ್ನು ಕೂರಿಸಲು ಪ್ಲೈವುಡ್ಡಿನಲ್ಲಿ ಸೀಳು ಕೊರೆಯುವುದಕ್ಕೆ ಅದನ್ನು ಬಳಸತೊಡಗಿದರು. ಇಂದು ಲೇಸರ್ ಅಂಗಡಿಗಳ ಮುಖ್ಯ ಸರಕು 3 ಮಿಲಿಮೀಟರ್ ಪ್ಲೈವುಡ್ ಮತ್ತು ಎಂಡಿಎಫ್.

ಅಷ್ಟು ತೆಳುವಾದ ಹಾಳೆಗೆ ಮೊಳೆ ಹೊಡೆದರೆ ಸೀಳುತ್ತದೆ. ಹಲ್ಲು ಕೂಡಿಸುವುದೇ ಸುಲಭದ ದಾರಿ. ಕಿರಣ ತಾನು ಹೋದಲ್ಲಿ 0.1ರಿಂದ 0.3 ಮಿಲಿಮೀಟರಿನಷ್ಟು ಮರವನ್ನು ತಿನ್ನುವುದರಿಂದ, ನಕ್ಷೆಯಲ್ಲಿ ಹಲ್ಲನ್ನು ಅಷ್ಟರ ಮಟ್ಟಿಗೆ ದಪ್ಪ ಬರೆಯಬೇಕು, ಇಲ್ಲವಾದರೆ ಪೆಟ್ಟಿಗೆ ಸಡಿಲ. ಕತ್ತರಿಸಿದ ಅಂಚು ಕಂದಾಗಿ ಸುಟ್ಟಿರುತ್ತದೆ. ಉಜ್ಜಿ ತೆಗೆಯಹೋದರೆ ಬಿಗಿಯೂ ಹೋಗುತ್ತದೆ. ಮರೆಮಾಡಲಾಗದ್ದನ್ನು ವಿನ್ಯಾಸಗಾರರು ಮೆರೆಸಿದರು: ತಿಳಿ ಹಲಗೆಯ ಮೂಲೆಯಲ್ಲಿ ಕಪ್ಪು ಬಿಳಿ ಚೌಕಗಳ ಸಾಲು, ಅಗಲ ಕಿರಿದು ಬೆರೆತ ಹಲ್ಲುಗಳು, ಗೋಡೆಯಾಚೆ ಚಾಚಿ ದುಂಡಗೆ ಮುಗಿಯುವ ತುದಿಗಳು.

ಆದರೆ ಅಲಂಕಾರಕ್ಕೆ ಜಾಗ ಇರುವುದು ಆ ಚಾಚಿದ ತುದಿಯಲ್ಲೇ. ಎದುರು ಹಲಗೆಯ ದಪ್ಪದೊಳಗೆ ಕೂರುವ ಭಾಗ ನೇರವಾಗಿರಲೇಬೇಕು. ಅಲ್ಲಿ ಬಳುಕು ಕೊಟ್ಟರೆ ಹಲ್ಲು ಒಳಗೆ ಹೋಗದು, ಹೋದರೂ ಸಂದು ಬಿಡುತ್ತದೆ. ಅಲೆಯಾಕಾರದ, ಒಗಟಿನ ಚೂರಿನಂಥ ಹಲ್ಲುಗಳು ಒಂದೇ ಮಟ್ಟದ ಎರಡು ಹಾಳೆಗಳನ್ನು ಕೂಡಿಸಲು ಮಾತ್ರ ಸರಿ. ಡವ್‌ಟೇಲ್‌ನ ಒಂದು ಹಲಗೆಯನ್ನು ದಪ್ಪದ ಉದ್ದಕ್ಕೂ ಓರೆಯಾಗಿ ಕೊರೆಯಬೇಕು. ಸಾಮಾನ್ಯ ಲೇಸರ್ ಯಂತ್ರದ ಕಿರಣ ಹಾಳೆಗೆ ನೆಟ್ಟಗೇ ಬೀಳುವುದರಿಂದ, ಗಮ್ ಪೆಟ್ಟಿಗೆಯ ಆ ಮೂಲೆಗೆ ಈಗಲೂ ಗರಗಸ, ಉಳಿ ಬೇಕು, ಇಲ್ಲವೇ ಅದಕ್ಕೆಂದೇ ಮಾಡಿದ ಓರೆ ಅಲಗಿನ ಯಂತ್ರ.