ಕರೆದಾಗ ಹಾರಿ ಬರುವ ಗಿಣಿ: ತರಬೇತಿ ಹೇಗೆ?

ತೆರೆದ ಕಿಟಕಿಯಿಂದ ಹೊರಗೆ ಹಾರಿದ ಸಾಕು ಗಿಣಿ ಎದುರಿನ ಮರದ ತುದಿಯಲ್ಲಿ ಕುಳಿತು ಕೂಗುತ್ತಿರುತ್ತದೆ. ಕೆಳಗೆ ಮನೆಯವರು ಕಾಳಿನ ಬಟ್ಟಲು ಹಿಡಿದು ಕರೆಯುತ್ತಿರುತ್ತಾರೆ. ಆದರೂ ಹಕ್ಕಿ ಇಳಿದು ಬರುವುದಿಲ್ಲ. ಇದಕ್ಕೆ ಮುನಿಸು ಕಾರಣವಲ್ಲ. ಕೋಣೆಯೊಳಗೇ ಬೆಳೆದ ಹಕ್ಕಿಗೆ ಎತ್ತರದಿಂದ ಕಡಿದಾಗಿ ಕೆಳಗಿಳಿಯುವ ಅಭ್ಯಾಸ ಇರುವುದಿಲ್ಲ. ಕರೆದಾಗ ಹಾರಿ ಬರುವ ತರಬೇತಿ ಕೇವಲ ಮನರಂಜನೆಯಲ್ಲ. ಇಂತಹ ಗಳಿಗೆಯಲ್ಲಿ ಅದು ಹಕ್ಕಿಯ ಪ್ರಾಣ ಉಳಿಸಬಲ್ಲದು.

ಯಾವ ಗಿಣಿಯನ್ನು ಸಾಕಬಹುದು?

ನಮ್ಮ ಊರುಗಳ ಹಸಿರು ಗಿಣಿಯನ್ನು ಹಿಡಿದು ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಅಪರಾಧ. ಆಫ್ರಿಕನ್ ಗ್ರೇ, ಮಕಾವ್ ಮುಂತಾದ ವಿದೇಶಿ ಗಿಣಿಗಳನ್ನು 2024ರ ನಿಯಮಗಳಂತೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಹೊಸಬರಿಗೆ ಆಸ್ಟ್ರೇಲಿಯಾ ಮೂಲದ ಕಾಕಟೀಲ್ ಸೂಕ್ತ.

ಮೊದಲು ನಂಬಿಕೆ

ಕೈ ಕಂಡರೆ ಹಿಂಜರಿಯುವ ಹಕ್ಕಿಗೆ ಹಾರಾಟದ ಪಾಠ ಹೇಳಲಾಗದು. ಅದಕ್ಕೆ ಅತ್ಯಂತ ಪ್ರಿಯವಾದ ತಿನಿಸನ್ನು ಗುರುತಿಸಿ, ಅದನ್ನು ತರಬೇತಿಗೆಂದೇ ಮೀಸಲಿಡಬೇಕು. ಕಾಕಟೀಲ್‌ಗಳಿಗೆ ನವಣೆ ತೆನೆ ಎಂದರೆ ಬಲು ಇಷ್ಟ. ಊಟಕ್ಕೆ ಮುಂಚಿನ ಹೊತ್ತು ಪಾಠಕ್ಕೆ ಒಳ್ಳೆಯದು. ಆದರೆ ಉಪವಾಸ ಕೆಡವುವುದು ಸಲ್ಲದು. ಸುಮಾರು 80ರಿಂದ 100 ಗ್ರಾಂ ತೂಗುವ ಈ ಹಕ್ಕಿಗೆ ಕೆಲವೇ ಗ್ರಾಂ ಇಳಿಕೆಯೂ ಅಪಾಯಕಾರಿ.

ಹೆಜ್ಜೆಯಿಂದ ಹಾರಾಟಕ್ಕೆ

* ಕೂರುವ ಕಡ್ಡಿಯಿಂದ ಕೈಗೆ ಹೆಜ್ಜೆಯಿಟ್ಟು ಬಂದ ಕೂಡಲೇ ತಿನಿಸು ನೀಡಿ.
* ಒಂದೇ ಪದ ಅಥವಾ ಒಂದೇ ಸಿಳ್ಳೆಯನ್ನು ಕರೆಯಾಗಿ ಬಳಸಿ.
* ಕೈಯನ್ನು ಸ್ವಲ್ಪ ದೂರವಿಡಿ, ಹಕ್ಕಿ ಜಿಗಿಯಲಿ. ನಂತರ ಒಂದು ಮೊಳ, ಒಂದು ಮಾರು, ಕೊನೆಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಅಂತರ ಹೆಚ್ಚಿಸಿ.
* ಬಾರದಿದ್ದರೆ ಮತ್ತೆ ಮತ್ತೆ ಕರೆಯಬೇಡಿ. ಅಂತರ ಕಡಿಮೆ ಮಾಡಿ.
* ಪಾಠ ಐದರಿಂದ ಹತ್ತು ನಿಮಿಷ ಸಾಕು. ಹಕ್ಕಿಗೆ ಉತ್ಸಾಹವಿರುವಾಗಲೇ ನಿಲ್ಲಿಸಿ.

ಸಮಾನ ಎತ್ತರದ ಹಾರಾಟ ರೂಢಿಯಾದ ಬಳಿಕ ಹಕ್ಕಿಯನ್ನು ಬೀರುವಿನ ಮೇಲೆ ಕೂರಿಸಿ, ಕೆಳಗಿನಿಂದ ಕರೆಯಬೇಕು. ಮರದಿಂದ ಇಳಿಯಲು ನೆರವಾಗುವ ಪಾಠ ಇದೇ.

ಎಚ್ಚರಿಕೆಗಳು

ಪಂಜರ ತೆರೆಯುವ ಮುನ್ನ ಸೀಲಿಂಗ್ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಕನ್ನಡಿ ಹಾಗೂ ಗಾಜಿಗೆ ಪರದೆ ಎಳೆಯಬೇಕು. ಒಲೆ ಉರಿಯುತ್ತಿರಬಾರದು. ಔಷಧ ಕುಡಿಸಲು ಅಥವಾ ಪಂಜರಕ್ಕೆ ಸೇರಿಸಲು ಮಾತ್ರ ಕರೆದರೆ ಹಕ್ಕಿ ಆ ಕರೆಯನ್ನೇ ದ್ವೇಷಿಸತೊಡಗುತ್ತದೆ. ರೆಕ್ಕೆಯ ಗರಿ ಕತ್ತರಿಸಿದ್ದರೆ ಹೊಸ ಗರಿ ಬರುವವರೆಗೆ ಕಾಯಬೇಕು.

ಮನೆಯೊಳಗೆ ತಪ್ಪದೆ ಬರುವ ಗಿಣಿ ಬಯಲಿನಲ್ಲೂ ಬರುತ್ತದೆಂಬ ಖಾತ್ರಿಯಿಲ್ಲ. ಗಾಳಿ, ಹದ್ದು, ಕಾಗೆ, ವಾಹನಗಳ ಸದ್ದಿಗೆ ಬೆದರಿ ಅದು ದೂರ ಹಾರಬಹುದು. ಆದ್ದರಿಂದ ಹೊರಗೆ ಒಯ್ಯುವಾಗ ಪಂಜರ ಅಥವಾ ಹಕ್ಕಿಗಳಿಗೆಂದೇ ತಯಾರಿಸಿದ ಮೈಪಟ್ಟಿ ಅಗತ್ಯ.

ತಪ್ಪಿಸಿಕೊಂಡರೆ?

ಮರದ ಬುಡದಲ್ಲಿ ನಿಂತು ಕರೆಯಬಾರದು. ತುಸು ದೂರ ಸರಿದು, ಹಕ್ಕಿಗೆ ಕಾಣುವಂತೆ ನಿಂತರೆ ಇಳಿಜಾರು ಕಡಿಮೆಯಾಗಿ ಹಾರಿ ಬರುವುದು ಸುಲಭ. ಅದರ ಪಂಜರವನ್ನೂ ಮೆಚ್ಚಿನ ತಿನಿಸನ್ನೂ ಕಣ್ಣಿಗೆ ಬೀಳುವಂತಿಟ್ಟು, ಕಲಿಸಿದ ಅದೇ ಕರೆಯನ್ನು ಶಾಂತವಾಗಿ ಕೂಗಬೇಕು. ಕತ್ತಲಾದರೆ ಹಕ್ಕಿ ಕುಳಿತ ಜಾಗವನ್ನು ಗುರುತಿಟ್ಟುಕೊಂಡು, ಬೆಳಕು ಹರಿಯುವ ಮುನ್ನವೇ ಅಲ್ಲಿಗೆ ಮರಳಬೇಕು. ಬಂದಾಗ ಗದರಿಸದೆ ತಿನಿಸು ಕೊಡುವುದನ್ನು ಮಾತ್ರ ಮರೆಯಬಾರದು.